ಮತ್ತೆ ಮತ್ತೆ ಬರೆಯುವ ಗೋಡೆ

(ಕಾರವಾರದಲ್ಲಿ ಕಲಾ ವಿದ್ಯಾರ್ಥಿಗಳು ಮತ್ತು ಊರವರು ಸೇರಿದ್ದ ಒಂದು ಸಂಜೆ ಕಲಾವಿದೆಯಾಗಿ ನಾನು ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೆಲಸದಲ್ಲಿ ಇರುವುದು ಎರಡೇ ಬಣ್ಣ. ಕೆಂಪು ಮತ್ತು ಬಿಳಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳೇ ಗೋಡೆಗಳನ್ನು ನೋಡಿದವರಿಗೆ ಇವೆರಡರ ಗುರುತು ಇದ್ದೇ ಇರುತ್ತದೆ. ಕೆಂಪು ಅಂದರೆ ಕೆಮ್ಮಣ್ಣು. ಬಿಳಿ ಅಂದರೆ ಘಟ್ಟದ ಮೇಲೆ ಶೇಡಿ ಅನ್ನುವ ಬಿಳಿ ಮಣ್ಣು ಅಥವಾ ಅಕ್ಕಿ ಹಿಟ್ಟು, ಕರಾವಳಿಯಲ್ಲಿ ಚಿಪ್ಪಿನ ಸುಣ್ಣ. ಮುಖ್ಯವಾಗಿ ಇಷ್ಟೇ ಸಾಮಾನು ಇಟ್ಟುಕೊಂಡು ನಮ್ಮ ಹಿರಿಯರು ಎರಡು ದಾರಿ ಮಾಡಿಕೊಂಡರು.

ಒಂದು ದಾರಿ ಮನೆಯ ಹೆಂಗಸರದ್ದು. ದೀಪಾವಳಿ ಹತ್ತಿರ ಬಂತು ಅಂದರೆ ಶಿರಸಿ, ಸಿದ್ದಾಪುರದ ಕಡೆ ಗೋಡೆಗೆ, ತುಳಸಿ ಕಟ್ಟೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಶೇಡಿಯಲ್ಲಿ ಗೆರೆ ಎಳೆಯುತ್ತಾರೆ. ದೀವರು ಅನ್ನುವ ಸಮುದಾಯದ ಮನೆಗಳಲ್ಲಿ ಮದುವೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಪುಂಡಿ ನಾರಿನ ಕುಂಚ, ಅಕ್ಕಿಯ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಭೂಮಿ ಹುಣ್ಣಿಮೆಗೆ ಬುಟ್ಟಿಗೂ ಚಿತ್ತಾರ ಬರುತ್ತದೆ. ಆ ಬುಟ್ಟಿಯಲ್ಲಿ ಎಡೆ ಹೊತ್ತು ಗದ್ದೆಗೆ ಹೋಗುತ್ತಾರೆ. ಇವೆಲ್ಲ ಹೊಗೆಗೆ, ಮಳೆಗೆ ಮಾಸುತ್ತವೆ. ಮಾಸಿದರೆ ಯಾರೂ ಅಳುವುದಿಲ್ಲ. ಮುಂದಿನ ವರ್ಷ ಮತ್ತೆ ಬರೆಯುತ್ತಾರೆ.

ಇನ್ನೊಂದು ದಾರಿ ಕಾವಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನ್ನ ಕೆಲಸ ಪೂರ್ತಿ ಇದರ ಮೇಲೆ ನಿಂತಿದೆ.

ಗೋವಾದಿಂದ ಹಿಡಿದು ನಮ್ಮ ಜಿಲ್ಲೆ ದಾಟಿ ಉಡುಪಿಯ ಕಡೆಯ ತನಕ, ಕರಾವಳಿಯ ದೇವಸ್ಥಾನಗಳ ಗೋಡೆಗಳಲ್ಲಿ ಕಾವಿ ಚಿತ್ರಗಳು ಇದ್ದವು. ಈಗಲೂ ಅಲ್ಲಲ್ಲಿ ಉಳಿದಿವೆ. ಘಟ್ಟದ ಮೇಲೆ ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ ನೀವೆಲ್ಲ ನೋಡಿರಬಹುದು. ಅಲ್ಲಿ ಎರಡು ವರ್ಷಕ್ಕೊಮ್ಮೆ ಜಾತ್ರೆ. ಜಾತ್ರೆಯ ಗದ್ದಲದಲ್ಲಿ ಗೋಡೆಯ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಜಾತ್ರೆ ಇಲ್ಲದ ವರ್ಷ, ಜನ ಕಮ್ಮಿ ಇರುವ ಹೊತ್ತು ಹೋಗಿ. ದೇವರು, ಪುರಾಣದ ಪ್ರಸಂಗ, ಬಳ್ಳಿ, ಹೂವು, ಎಲ್ಲ ಎರಡೇ ಬಣ್ಣದಲ್ಲಿ. ಹತ್ತಿರ ಹೋಗಿ ನೋಡಿದರೆ ಒಂದು ಸಂಗತಿ ಗೊತ್ತಾಗುತ್ತದೆ. ಅದನ್ನು ಬಣ್ಣ ಹಚ್ಚಿ ಬರೆದಿಲ್ಲ. ಬಣ್ಣ ಕೆರೆದು ತೆಗೆದು ಬರೆದಿದ್ದಾರೆ.

ಮಾಡುವ ಕ್ರಮ ಹೀಗೆ. ಚಿಪ್ಪು ಸುಟ್ಟು ಸುಣ್ಣ ಮಾಡಬೇಕು. ಅದಕ್ಕೆ ತೊಳೆದ ಮರಳು ಮತ್ತು ಬೆಲ್ಲ ಸೇರಿಸಿ ಹದಿನೈದು ದಿನ ಕೊಳೆಯಲು ಬಿಡಬೇಕು. ಆಮೇಲೆ ಕುಟ್ಟಬೇಕು, ಅಂಟು ಬರುವ ತನಕ. ಗೋಡೆಯನ್ನು ಚೆನ್ನಾಗಿ ನೆನೆಸಿ, ಈ ಗಾರೆಯನ್ನು ಹಚ್ಚಿ ನಯ ಮಾಡಬೇಕು. ಅದರ ಮೇಲೆ ಕೆಂಪು ಮಣ್ಣಿನ ಬಣ್ಣದ ತೆಳು ಪದರ. ಎರಡೂ ಹಸಿ ಇರುವಾಗಲೇ ಉಕ್ಕಿನ ಮೊನೆಯಿಂದ ಗೆರೆ ಕೊರೆಯಬೇಕು. ಬೇಡದ ಕಡೆಯ ಕೆಂಪು ಕೆರೆದರೆ ಕೆಳಗಿನ ಬಿಳಿ ಮೇಲೆ ಬರುತ್ತದೆ. ಕೊನೆಗೆ ಉರುಟು ಕಲ್ಲಿನಿಂದ ಉಜ್ಜಿ ನುಣುಪು ಮಾಡಿ, ಕೆಲವು ದಿನ ನೀರು ಕೊಡುತ್ತಾ ಇರಬೇಕು.

ಇದರಲ್ಲಿ ಅವಸರ ನಡೆಯುವುದಿಲ್ಲ, ತಡ ಮಾಡಿದರೂ ಆಗುವುದಿಲ್ಲ. ಗಾರೆ ಒಣಗಿತು ಅಂದರೆ ಗೆರೆಯ ಅಂಚು ಪುಡಿಯಾಗುತ್ತದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಒಂದು ಹಂಚಿನಷ್ಟು ಜಾಗ ಮುಗಿಸುವುದೇ ಕಷ್ಟ. ಒಮ್ಮೆ ಕೊರೆದ ಗೆರೆಯನ್ನು ಅಳಿಸಲು ಬರುವುದಿಲ್ಲ. ಹಾಗಾಗಿ ಏನು ಬರೆಯಬೇಕು ಅಂತ ಗಾರೆ ಹಚ್ಚುವ ಮೊದಲೇ ತೀರ್ಮಾನ ಆಗಿರಬೇಕು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸುಣ್ಣದ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ. ಚಿಪ್ಪನ್ನು ಸುಟ್ಟಾಗ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಹೊರಟು ಹೋಗುತ್ತದೆ. ನೀರು ಬಿದ್ದಾಗ ಸುಣ್ಣ ಕುದಿದು ಅರಳುತ್ತದೆ. ಗೋಡೆಗೆ ಹಚ್ಚಿದ ಮೇಲೆ ಅದೇ ಅನಿಲವನ್ನು ಗಾಳಿಯಿಂದ ನಿಧಾನವಾಗಿ ವಾಪಸ್ ಎಳೆದುಕೊಂಡು ಗಟ್ಟಿಯಾಗುತ್ತದೆ. ಅಂದರೆ ಗೋಡೆ ಪುನಃ ಚಿಪ್ಪಿನ ವಸ್ತುವೇ ಆಗುತ್ತದೆ. ಅಷ್ಟು ಗಟ್ಟಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದನ್ನು ತಲೆಮಾರುಗಟ್ಟಲೆ ತಡೆದುಕೊಂಡ ಗೋಡೆಗಳು ಇವು.

ಹಾಗಾದರೆ ಹೋದದ್ದು ಯಾಕೆ? ಮಳೆಯಿಂದ ಹೋಗಲಿಲ್ಲ. ರಿಪೇರಿಯಿಂದ ಹೋದವು. ಚಿರೆಕಲ್ಲಿನ ಗೋಡೆ ನೀರು ಕುಡಿಯುತ್ತದೆ, ಮತ್ತೆ ಬಿಡುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಹೋಗಲು ಬಿಡುತ್ತದೆ. ಮೇಲೆ ಸಿಮೆಂಟು ಅಥವಾ ಆಯಿಲ್ ಪೇಂಟು ಬಂತು ಅಂದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಅದರ ಜೊತೆ ಉಪ್ಪೂ ಇರುತ್ತದೆ. ಗಾರೆ ಉಬ್ಬುತ್ತದೆ, ಹಪ್ಪಳೆ ಏಳುತ್ತದೆ, ಬೀಳುತ್ತದೆ. ಆಮೇಲೆ "ಹಳೇದು ಗಟ್ಟಿ ಇಲ್ಲ" ಅಂತ ಪೂರ್ತಿ ಕೆಡವಿ ಗ್ರಾನೈಟ್ ಹಾಕುತ್ತಾರೆ. ಇದನ್ನು ದ್ವೇಷದಿಂದ ಯಾರೂ ಮಾಡಿದ್ದಲ್ಲ. ಭಕ್ತಿಯಿಂದಲೇ ಮಾಡಿದ್ದು. ಕಾಣಿಕೆ ಕೊಟ್ಟವರಿಗೆ ದೇವಸ್ಥಾನ ಹೊಸದಾಗಿ ಹೊಳೆಯಬೇಕು ಅನ್ನುವ ಆಸೆ. ಆದರೆ ಹೋದದ್ದು ಹೋಯಿತು.

ಈ ಗೋಡೆಗಳ ಬಗ್ಗೆ ಮೊದಲೇ ಕಾಳಜಿ ಮಾಡಿದವರು ನಮ್ಮ ಹೊನ್ನಾವರದ ಕೃಷ್ಣಾನಂದ ಕಾಮತರು. ವಿಜ್ಞಾನಿ, ಫೋಟೋ ತೆಗೆಯುವವರು, ಊರೂರು ಸುತ್ತುವವರು. ಅವರು ಫೋಟೋ ತೆಗೆದು, ಮಾಡುವ ವಿಧಾನವನ್ನು ಬರೆದಿಟ್ಟರು. ಆಗಲೇ ಈ ಕಲೆ ಹೆಚ್ಚುಕಡಿಮೆ ನಿಂತು ಹೋಗಿತ್ತು. ಈಗ ಗೋವಾದಲ್ಲಿ ಸಾಗರ್ ನಾಯ್ಕ್ ಮುಳೆ, ಉಡುಪಿಯ ಕಡೆ ಜನಾರ್ದನ ಹಾವಂಜೆ ಕಾವಿಯಲ್ಲಿ ಮತ್ತೆ ಕೆಲಸ ಮಾಡುತ್ತಿದ್ದಾರೆ. ಇಲ್ಲಿರುವ ವಿದ್ಯಾರ್ಥಿಗಳು ಇವರ ಕೆಲಸವನ್ನು ಹುಡುಕಿ ನೋಡಬೇಕು.

ಈಗ ನನ್ನನ್ನು ಹಿಡಿದಿಟ್ಟ ಪ್ರಶ್ನೆಗೆ ಬರುತ್ತೇನೆ. ನೂರಾರು ವರ್ಷ ಇರಲಿ ಅಂತ ಮಾಡಿದ ಕಾವಿ ಯಾಕೆ ಹೋಯಿತು? ಒಂದು ಮಳೆಗಾಲಕ್ಕೆ ಮಾಸುವ ಶೇಡಿ ಚಿತ್ರ ಯಾಕೆ ಇನ್ನೂ ಇದೆ? ಹಸೆ ಚಿತ್ತಾರಕ್ಕೂ ಕಷ್ಟ ಬಂದಿದೆ, ಮಣ್ಣಿನ ಗೋಡೆಯೇ ಕಮ್ಮಿ ಆಗಿದೆ, ಅದು ಕಾಗದಕ್ಕೆ ಬಟ್ಟೆಗೆ ಹೋಗಿದೆ ಅನ್ನುವುದು ನಿಜ. ಆದರೂ ಬರೆಯುವ ಕೈ ಇದೆ. ಅಮ್ಮ ಬರೆಯುವಾಗ ಪಕ್ಕದಲ್ಲಿ ಮಗಳು ಕೂತಿರುತ್ತಾಳೆ. ಕಾವಿಯಲ್ಲಿ ಹಾಗಾಗಲಿಲ್ಲ. ಗೋಡೆ ಗಟ್ಟಿ ಇತ್ತು. ಹಾಗಾಗಿ ಮತ್ತೆ ಬರೆಯುವ ಕೆಲಸ ಬರಲಿಲ್ಲ. ಕೆಲಸ ಇಲ್ಲದಾಗ ಕೈ ಮರೆಯಿತು. ರಿಪೇರಿ ಮಾಡಬೇಕು ಅಂತ ಬಂದಾಗ ಕರೆಯಲು ಯಾರೂ ಇರಲಿಲ್ಲ.

ನೆನಪಿನ ವಿಷಯದಲ್ಲೂ ಇದೇ ಕತೆ ಅಂತ ನನಗೆ ಅನಿಸುತ್ತದೆ. ಕುಮಟಾ ತಾಲೂಕಿನ ಗಜನಿಗಳಲ್ಲಿ, ಅಂದರೆ ಅಳಿವೆಯ ಉಪ್ಪು ನೀರಿನ ಗದ್ದೆಗಳಲ್ಲಿ, ಕಗ್ಗ ಬೆಳೆಯುತ್ತಾರಲ್ಲ, ಉಪ್ಪು ನೀರು ತಡೆಯುವ ಭತ್ತ, ಆ ಬೀಜವನ್ನು ಡಬ್ಬಿಯಲ್ಲಿಟ್ಟರೆ ಉಳಿಯುವುದಿಲ್ಲ. ಪ್ರತಿ ವರ್ಷ ಬಿತ್ತಬೇಕು. ಬಿತ್ತಬೇಕಾದರೆ ಗಜನಿಯ ಕಟ್ಟೆ ಗಟ್ಟಿ ಇರಬೇಕು. ಕಟ್ಟೆ ಗಟ್ಟಿ ಇರಬೇಕಾದರೆ ಊರಿನವರು ಒಟ್ಟಾಗಬೇಕು. ಬೀಜ ಉಳಿಸಬೇಕು ಅಂತ ಹೊರಟವರು ಕೊನೆಗೆ ಊರನ್ನೇ ನೋಡಿಕೊಳ್ಳಬೇಕಾಗುತ್ತದೆ.

ಕಾವಿ ಕಲಿಯಲು ಹೊರಟ ನನಗೂ ಹಾಗೇ ಆಯಿತು. ಸುಣ್ಣ ಎಲ್ಲಿಂದ ಬರುತ್ತದೆ ಅಂತ ಹುಡುಕುತ್ತಾ ಅಘನಾಶಿನಿಗೆ ಹೋದೆ. ಶಿರಸಿಯಲ್ಲಿ ಹುಟ್ಟಿ, ಘಟ್ಟ ಇಳಿದು, ತದಡಿ ಹತ್ತಿರ ಸಮುದ್ರ ಸೇರುವ ನದಿ. ಇದಕ್ಕೆ ಒಂದೂ ಅಣೆಕಟ್ಟಿಲ್ಲ. 2024ರಲ್ಲಿ ಇದರ ಅಳಿವೆಯ ಸುಮಾರು 4,800 ಹೆಕ್ಟೇರ್ ಜಾಗಕ್ಕೆ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಸ್ಥಾನ ಸಿಕ್ಕಿತು. ಇಳಿತದ ಹೊತ್ತಿಗೆ ಅಲ್ಲಿ ಹೆಂಗಸರು ಸೊಂಟದ ತನಕ ನೀರಲ್ಲಿ ನಿಂತು ಬಳಚು ಅನ್ನುವ ಚಿಪ್ಪುಜೀವಿ ಆರಿಸುತ್ತಾರೆ. ಮಾಂಸ ಊಟಕ್ಕೆ, ಚಿಪ್ಪು ಸುಣ್ಣಕ್ಕೆ. ಎಲ್ಲಿ ಮರಳು, ಎಲ್ಲಿ ಕೆಸರು, ಯಾವ ತಿಥಿಗೆ ನೀರು ಎಷ್ಟು ಇಳಿಯುತ್ತದೆ ಅನ್ನುವುದು ಅವರ ಕಾಲಿಗೆ ಗೊತ್ತು. ದೇವಸ್ಥಾನದ ಗೋಡೆಯ ಬಗ್ಗೆ ಮಾತಾಡುವಾಗ ಈ ಹೆಂಗಸರ ಹೆಸರು ಯಾರೂ ಎತ್ತುವುದಿಲ್ಲ. ಚಿಪ್ಪು ಆರಿಸಿದವರು, ಭಟ್ಟಿ ಸುಟ್ಟವರು, ಗಾರೆ ಕುಟ್ಟಿದವರು, ಇವರಿಲ್ಲದೆ ಆ ಕೆಂಪು ಬಿಳಿ ಎಲ್ಲಿಂದ ಬರಬೇಕು? ನಾನು ಪರಂಪರೆ ಅಂತ ಹೇಳುವುದು ಈ ಕೆಲಸಗಳ ಸಾಲಿಗೆ. ಗೋಡೆ ಆ ಸಾಲಿನ ಕೊನೆಯಲ್ಲಿ ಬರುತ್ತದೆ, ಅಷ್ಟೇ.

ಅಘನಾಶಿನಿಗೆ ಅಣೆಕಟ್ಟಿಲ್ಲ ಅಂದೆ. ನಮ್ಮ ಕಾಳಿ ನದಿಯ ಕತೆ ಬೇರೆ ಅಲ್ವಾ. ಸೂಪಾ, ಕೊಡಸಳ್ಳಿ, ಕದ್ರಾ, ಸಾಲು ಅಣೆಕಟ್ಟು. ಸೂಪಾ ಒಂದು ಪೇಟೆ ಆಗಿತ್ತು, ತಾಲೂಕಿನ ಕೇಂದ್ರ ಆಗಿತ್ತು. ಅದು 1980ರ ದಶಕದಲ್ಲಿ ನೀರೊಳಗೆ ಹೋಯಿತು. ಅಲ್ಲಿಂದ ಎದ್ದವರಲ್ಲಿ ಬಹಳ ಜನ ನಮ್ಮ ಜಿಲ್ಲೆಯದ್ದೇ ಆದ ಜೋಯಿಡಾ ತಾಲೂಕಿನ ರಾಮನಗರಕ್ಕೆ ಹೋದರು. ಆಮೇಲೆ ಇಲ್ಲಿ ಸೀಬರ್ಡ್, ನೌಕಾನೆಲೆಯ ಯೋಜನೆ. 1986ರಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. 2005ರಲ್ಲಿ ಐಎನ್‌ಎಸ್ ಕದಂಬ ಅನ್ನುವ ಆ ನೆಲೆ ಶುರುವಾಯಿತು. ನಡುವೆ ಕಾರವಾರ, ಅಂಕೋಲಾ ತಾಲೂಕುಗಳ 13 ಹಳ್ಳಿಗಳಿಂದ 4,000ಕ್ಕೂ ಹೆಚ್ಚು ಕುಟುಂಬಗಳು ಎದ್ದು ಬಂದವು. ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಅಲೆದರು. ಇಲ್ಲಿ ಕೂತಿರುವ ಎಷ್ಟೋ ಜನರ ಮನೆಯ ಕತೆ ಇದು. ನಿಮಗೆ ನಾನು ವಿವರಿಸುವುದು ಬೇಡ.

ಇಂಥಲ್ಲಿ ಕಾವಿ ಬರೆಯಲು ಗೋಡೆಯೇ ಇಲ್ಲ. ಗೋಡೆ ಬೇಲಿಯ ಆಚೆ ಇದೆ, ಇಲ್ಲವೇ ನೀರಿನ ಅಡಿ ಇದೆ. ಆದರೆ ಹಂಚು ಇದೆ. ಮನೆ ಬಿಟ್ಟು ಬರುವಾಗ ಜನ ಹಂಚು ಇಳಿಸಿಕೊಂಡು ಬಂದರು. ಬಾಗಿಲು ದಾರಂದ, ಒರಳು, ಹಂಚು. ತೋಡೂರು, ಅಮದಳ್ಳಿ, ಮುದಗಾದ ಕಾಲೊನಿಗಳಲ್ಲಿ ಹಿತ್ತಲಿಗೆ ಹೋಗಿ ನೋಡಿ. ಹೊಸ ಮನೆಗೆ ಸ್ಲ್ಯಾಬ್ ಹಾಕಿರುತ್ತಾರೆ, ಹಳೇ ಹಂಚು ಮೂಲೆಯಲ್ಲಿ ಒಟ್ಟಿರುತ್ತಾರೆ. ಕೆಲವರು ಅದನ್ನು ಕೊಟ್ಟಿಗೆಗೆ ಹಾಕಿದ್ದಾರೆ. ಬಿಸಾಡಿದವರು ಕಮ್ಮಿ.

ಆ ಹಂಚಿನ ಒಳಮೈಗೆ ನಾನು ಗಾರೆ ಹಚ್ಚುತ್ತೇನೆ. ಹಂಚು ನೀರು ಕುಡಿಯುತ್ತದೆ, ಗಾರೆ ಚೆನ್ನಾಗಿ ಹಿಡಿಯುತ್ತದೆ. ಮೇಲೆ ಕೆಂಪು. ಅದರ ಮೇಲೆ ಆ ಮನೆಯವರು ಹೇಳಿದ ಒಂದು ಜಾಗ. ಬಾವಿ, ಅಂಗಳ, ನಾಗಬನ, ಶಾಲೆಗೆ ಹೋಗುವ ಕಾಲುದಾರಿ, ಬಲೆ ಒಣಗಿಸುವ ಜಾಗ. ಒಂದು ಹಂಚಿಗೆ ಒಂದೇ ಜಾಗ. ಊರಿನ ಎಲ್ಲ ಹಂಚುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟರೆ ಊರಿನ ನಕ್ಷೆ ಆಗುತ್ತದೆ. ಕೆಲಸ ಮುಗಿದ ಮೇಲೆ ಅವರವರ ಹಂಚು ಅವರವರ ಮನೆಗೆ ಹೋಗುತ್ತದೆ. ನನ್ನ ಹತ್ತಿರ ಉಳಿಯುವುದು ಕಾಗದದ ಮೇಲಿನ ಕರಡು ಮಾತ್ರ.

ಮೊದಲೇ ಹೇಳಿದೆನಲ್ಲ, ಕೊರೆದ ಗೆರೆ ಅಳಿಸಲು ಬರುವುದಿಲ್ಲ ಅಂತ. ಹಾಗಾಗಿ ಗಾರೆ ಕಲಸುವ ಮೊದಲು ಎಲ್ಲರೂ ಕೂರಬೇಕು, ಮಾತಾಡಬೇಕು. ಈ ಕೆಲಸದ ಮುಖ್ಯ ಭಾಗ ಅದೇ. ಒಂದು ಊರಿನ ಬಾವಿಯ ಬಗ್ಗೆ ನಡೆದ ಮಾತು ಹೇಳುತ್ತೇನೆ. ಊರಿನ ಹೆಸರು ಬೇಡ.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾವಿ ಗುರುತು ಮಾಡಿದೆ. ಒಬ್ಬ ಅಜ್ಜಿ ತಕ್ಷಣ ಅಂದರು, "ಬಾವಿ ಅಲ್ಲಲ್ಲ ತಂಗಿ. ಹಲಸಿನ ಮರದ ಬುಡದಲ್ಲಿ ಇತ್ತು."

ಪಕ್ಕದವರು ಬಿಡಲಿಲ್ಲ. "ಹಲಸಿನ ಮರ ನಿಮ್ಮ ಹಿತ್ತಲಲ್ಲಿ ಇದ್ದದ್ದು ಅಕ್ಕಾ. ಬಾವಿ ದೇವಸ್ಥಾನದ ದಾರಿಯಲ್ಲಿ."

"ದಿನಾ ನೀರು ಹೊತ್ತವಳು ನಾನು. ನಂಗೆ ಗೊತ್ತಿಲ್ವಾ?"

"ನಾನೇನು ಗಾಳಿ ಕುಡ್ಕಂಡು ಇದ್ನಾ?"

ಜೋರು ಚರ್ಚೆ ಆಯಿತು. ನಗು ಬಂತು, ಸಿಟ್ಟು ಬಂತು. ಯಾರೋ ಚಾ ತಂದರು. ಕೊನೆಗೆ ಎರಡು ಬಾವಿ ಇದ್ದವು ಅಂತ ಎಲ್ಲರೂ ಒಪ್ಪಿದರು. ಎರಡನ್ನೂ ಬರೆಯೋಣ ಅಂತಾಯಿತು.

ಇಷ್ಟು ಹೊತ್ತು ಜಗಲಿಯ ತುದಿಯಲ್ಲಿ ಒಬ್ಬ ಹಿರಿಯರು ಸುಮ್ಮನೆ ಕೂತಿದ್ದರು. ಎಲ್ಲರೂ ಎದ್ದು ಹೋದ ಮೇಲೆ ನನ್ನ ಹತ್ತಿರ ಬಂದರು. "ನಾವು ಆ ಎರಡು ಬಾವಿಗೂ ಹೋಗುವ ಹಾಗಿರಲಿಲ್ಲ ತಂಗಿ. ನಮ್ಮದು ಹಳ್ಳದ ನೀರು" ಅಂದರು. ಅಷ್ಟೇ ಹೇಳಿದರು.

ಆ ಹಳ್ಳಕ್ಕೆ ಒಂದು ಹಂಚು ಬೇಕು ಅಂತ ಮುಂದಿನ ಸಲ ಕೂತಾಗ ನಾನೇ ಕೇಳಿದೆ. ಅವರ ಒಪ್ಪಿಗೆ ತೆಗೆದುಕೊಂಡೇ ಕೇಳಿದ್ದು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ಅಜ್ಜಿಯೇ ಅಂದರು, "ಹೌದು, ಹಳ್ಳ ಇತ್ತು. ಬರಿ." ಆ ಹಂಚು ಈಗ ಆ ಹಿರಿಯರ ಮನೆಯಲ್ಲಿದೆ.

ಸಮುದಾಯ ಅನ್ನುವ ಮಾತನ್ನು ನಾವು ಕಲೆಯ ಜಗತ್ತಿನವರು ತುಂಬಾ ಸಲೀಸಾಗಿ ಆಡುತ್ತೇವೆ. ಅರ್ಜಿಯಲ್ಲಿ ಬರೆಯುತ್ತೇವೆ, ಭಾಷಣದಲ್ಲಿ ಹೇಳುತ್ತೇವೆ. ಊರು ಹೋಯಿತು ಅನ್ನುವ ದುಃಖ ಎಲ್ಲರಿಗೂ ಇದೆ. ಆದರೆ ಊರು ಇದ್ದಾಗ ಅದು ಎಲ್ಲರಿಗೂ ಒಂದೇ ಥರ ಇರಲಿಲ್ಲ. ಬರೇ ದುಃಖವನ್ನು ಬರೆದರೆ ಬಾವಿ ಚೆಂದ ಕಾಣುತ್ತದೆ, ಹಳ್ಳ ಕಾಣುವುದೇ ಇಲ್ಲ. ಕಳೆದುಹೋದ ಊರಿನ ಚಿತ್ರ ಬರೆಯುವವರು ಇದಕ್ಕೆ ಜಾಸ್ತಿ ಎಚ್ಚರ ಇರಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ನಮ್ಮ ಎದುರಿಗೇ ಸಮುದ್ರದಲ್ಲಿರುವ ದ್ವೀಪಗಳಲ್ಲಿ ಎರಡರ ಮಾತು ಹೇಳುತ್ತೇನೆ. ಕೂರ್ಮಗಡ ಮತ್ತು ಅಂಜುದೀವ. ಕೂರ್ಮಗಡದಲ್ಲಿ ನರಸಿಂಹ ದೇವರ ಜಾತ್ರೆ ಪುಷ್ಯ ಹುಣ್ಣಿಮೆಗೆ ಈಗಲೂ ನಡೆಯುತ್ತದೆ. ಮೀನುಗಾರರು ದೋಣಿಗಳನ್ನು ಸಿಂಗರಿಸಿ ಜನರನ್ನು ಕರೆದುಕೊಂಡು ಹೋಗುತ್ತಾರೆ. ಅಂಜುದೀವದಲ್ಲಿ ಪೋರ್ಚುಗೀಸರ ಕಾಲದ ಹಳೇ ಚರ್ಚ್ ಇದೆ. ಕ್ರೈಸ್ತರು ಹಬ್ಬಕ್ಕೆ ದೋಣಿಯಲ್ಲಿ ಹೋಗಿ ಬರುತ್ತಿದ್ದರು. ನೌಕಾನೆಲೆ ಬಂದ ಮೇಲೆ ಆ ಹೋಗಿಬರುವುದು ನಿಂತಿತು. ದೇಶದ ರಕ್ಷಣೆಯ ಅಗತ್ಯ ನನಗೆ ಅರ್ಥವಾಗುತ್ತದೆ. ಆದರೆ ಒಂದು ಕಡೆ ದಾರಿ ಇದೆ, ಇನ್ನೊಂದು ಕಡೆ ಇಲ್ಲ ಅಂದಾಗ ನೆನಪಿಗೆ ಏನಾಗುತ್ತದೆ ಅಂತ ನೋಡಬೇಕು. ಕೂರ್ಮಗಡದ ಬಗ್ಗೆ ಕೇಳಿದರೆ ಹತ್ತು ವರ್ಷದ ಮಗು ಕೂಡ ದೋಣಿ ಎಲ್ಲಿ ನಿಲ್ಲುತ್ತದೆ ಅಂತ ಹೇಳುತ್ತದೆ. ಅಂಜುದೀವದ ಹಬ್ಬದ ಬಗ್ಗೆ ಹೇಳಲು ಅಜ್ಜ ಅಜ್ಜಿಯರೇ ಬೇಕು. ಅವರ ಮಾತಲ್ಲೂ ದ್ವೀಪಕ್ಕಿಂತ ದೋಣಿಯ ಪ್ರಯಾಣವೇ ಜಾಸ್ತಿ ಉಳಿದಿದೆ. ಬುತ್ತಿಗೆ ಏನು ಕಟ್ಟಿದ್ದರು, ಯಾರಿಗೆ ವಾಂತಿ ಆಯಿತು, ಯಾರು ಹಾಡಿದರು. ನನ್ನ ಹಂಚಿನಲ್ಲಿ ಚರ್ಚ್ ಬರಲಿಲ್ಲ. ದೋಣಿ ಬಂತು. ಅವರು ಕೇಳಿದ್ದು ಅದನ್ನೇ.

ಘಟ್ಟದ ಮೇಲಿನ ಸಿದ್ದಿ ಅಕ್ಕಂದಿರಿಂದ, ಅಂದರೆ ಆಫ್ರಿಕಾ ಮೂಲದ ಸಮುದಾಯದ ಹೆಂಗಸರಿಂದ, ನಾನು ಕಲಿತದ್ದನ್ನೂ ಹೇಳಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಅವರು ಕವಂದಿ ಹೊಲಿಯುತ್ತಾರೆ. ಹಳೇ ಸೀರೆ, ಅಂಗಿಯ ತುಂಡುಗಳನ್ನು ಜೋಡಿಸಿ ಮಾಡುವ ಕೌದಿ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ತ್ರಿಕೋನದ ಬಟ್ಟೆ ಮಡಿಸಿ ಹೂವು ಇಡುತ್ತಾರೆ, ಅದಕ್ಕೆ ಫುಲ ಅನ್ನುತ್ತಾರೆ. ಫುಲ ಇಲ್ಲದ ಕವಂದಿಯನ್ನು ಅವರು ಮುಗಿದದ್ದು ಅಂತ ಒಪ್ಪುವುದೇ ಇಲ್ಲ. ಈಗ ಇವು ನಗರಗಳ ಪ್ರದರ್ಶನಕ್ಕೂ ಹೋಗುತ್ತವೆ, ಒಳ್ಳೆಯದೇ, ಅಕ್ಕಂದಿರಿಗೆ ದುಡ್ಡು ಬರಬೇಕು. ಆದರೆ ಮನೆಯಲ್ಲಿ ಕವಂದಿ ಮಲಗಲಿಕ್ಕೆ ಇರುವುದು. ಹರಿದರೆ ಇನ್ನೊಂದು ತುಂಡು ಸೇರಿಸುತ್ತಾರೆ. ಅಜ್ಜನ ಅಂಗಿಯ ಪಕ್ಕ ಮೊಮ್ಮಗಳ ಫ್ರಾಕ್ ಬರುತ್ತದೆ. ನನ್ನ ಹಂಚುಗಳನ್ನೂ ಗೋಡೆಗೆ ತೂಗು ಹಾಕದೆ, ನೆಲದ ಮೇಲೆ ಇಟ್ಟು, ಬೇಕಾದಾಗ ಜಾಗ ಬದಲಿಸುವ ಹಾಗೆ ಮಾಡಿದ್ದು ಇದನ್ನು ನೋಡಿದ ಮೇಲೆ.

ಹಾಡಿನ ವಿಷಯ ಬಂದರೆ ಅಂಕೋಲಾದ ಸುಕ್ರಿ ಬೊಮ್ಮಗೌಡರನ್ನು ನೆನೆಯದೆ ಇರುವುದು ಹೇಗೆ? ಬಡಿಗೇರಿಯ ಸುಕ್ರಜ್ಜಿ. ಹಾಲಕ್ಕಿ ಒಕ್ಕಲು ಸಮುದಾಯದ ಹಾಡುಗಳ ಕಣಜವೇ ಅವರ ನಾಲಿಗೆಯಲ್ಲಿತ್ತು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರು ಬರೇ ಹಾಡು ಹೇಳಿಕೊಂಡು ಕೂತವರಲ್ಲ. ಸಾರಾಯಿ ವಿರುದ್ಧ ಹೆಂಗಸರನ್ನು ಒಟ್ಟು ಮಾಡಿ ಹೋರಾಡಿದರು. ನನಗೆ ಆ ಎರಡೂ ಒಂದೇ ಕೆಲಸ ಅಂತ ಕಾಣುತ್ತದೆ. ಮನೆಯಲ್ಲಿ ನೆಮ್ಮದಿ ಇಲ್ಲದಿದ್ದರೆ ಹೆಂಗಸರು ಎಲ್ಲಿ ಕೂತು ಹಾಡಬೇಕು? ಹಾಡನ್ನು ರೆಕಾರ್ಡ್ ಮಾಡಿ ಇಡುವುದು ಬೇಕು. ಹೊನ್ನಾವರದ ಎನ್. ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿ ಜಿಲ್ಲೆಯ ಜನಪದ ಹಾಡು, ಕತೆಗಳನ್ನು ಸಂಗ್ರಹಿಸಿದ್ದರಿಂದ ನಮಗೆ ಎಷ್ಟೋ ಸಿಕ್ಕಿದ್ದು. ಅದರ ಜೊತೆಗೆ ಹಾಡುವ ಹೊತ್ತೂ ಉಳಿಯಬೇಕು. ನಾಟಿ ಇಲ್ಲದ ಊರಲ್ಲಿ ನಾಟಿ ಹಾಡು ವೇದಿಕೆಗೆ ಬರುತ್ತದೆ. ಅಲ್ಲಿ ಮೂರು ನಿಮಿಷ ಸಿಗುತ್ತದೆ. ಗದ್ದೆಯಲ್ಲಿ ಇಡೀ ದಿನ ಇರುತ್ತಿತ್ತು.

ಇನ್ನೊಂದು ಮಾತು, ಇದು ವಿದ್ಯಾರ್ಥಿಗಳಿಗೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿಯಲ್ಲಿದ್ದವರು ಹೋದರು. ಮಣ್ಣು ಗಂಗಾವಳಿ ನದಿಗೆ ಬಿದ್ದು, ನೀರು ಎದ್ದು, ಆಚೆ ದಡದ ಉಳುವರೆಯ ಮನೆಗಳು ಕೊಚ್ಚಿ ಹೋದವು. ಅದರ ಮೇಲೆ ಒಂದು ಕೃತಿ ಮಾಡಿ ಅಂತ ನನ್ನನ್ನು ಕೆಲವರು ಕೇಳಿದರು. ನಾನು ಮಾಡಲಿಲ್ಲ. ಅಲ್ಲಿಯವರು ಕರೆದಿಲ್ಲ. ಮನೆಯವರ ಕಣ್ಣೀರು ಆರುವ ಮೊದಲು ಕ್ಯಾಮೆರಾ, ಸ್ಕೆಚ್ ಪುಸ್ತಕ ಹಿಡಿದು ಹೋಗಿ ನಿಲ್ಲುವುದು ನನ್ನಿಂದ ಆಗುವುದಿಲ್ಲ. ಮುಂದೆ ಅವರಿಗೇ ಬೇಕು ಅನಿಸಿದರೆ ಸುಣ್ಣ ಕಲಸಿಕೊಡಲು ಹೋಗುತ್ತೇನೆ. ಬೇಡ ಅಂದರೆ ಬೇಡ. ಎಲ್ಲ ನೋವೂ ಕಲಾವಿದರ ಕೈಗೆ ಬರಲೇಬೇಕು ಅಂತ ಏನೂ ಇಲ್ಲ.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: ಬಂದು ಕೂರುವವರಿಗೆ ದುಡ್ಡು ಕೊಡುತ್ತೀರಾ? ದುಡ್ಡು ಕೊಟ್ಟರೆ ನೆನಪು ಮಾರಿದ ಹಾಗೆ ಆಗುವುದಿಲ್ಲವಾ?

ಕೊಡುತ್ತೇನೆ. ಒಂದು ದಿನದ ಕೂಲಿ. ಬಳಚು ಆರಿಸುವ ಅಕ್ಕ ನನ್ನ ಜೊತೆ ಕೂತರೆ ಆ ದಿನದ ಇಳಿತ ಹೋಗುತ್ತದೆ, ಅದು ವಾಪಸ್ ಬರುವುದಿಲ್ಲ. ನೆನಪಿಗೆ ನಾನು ಬೆಲೆ ಕಟ್ಟುತ್ತಿಲ್ಲ. ಅವರ ಹೊತ್ತಿಗೆ ಕೊಡುತ್ತಿದ್ದೇನೆ. ಕಲಾವಿದರಿಗೆ ಅನುದಾನ ಬರುತ್ತದೆ, ಸಂಶೋಧಕರಿಗೆ ಸಂಬಳ ಬರುತ್ತದೆ. ಹೇಳಿದವರಿಗೆ ಮಾತ್ರ ಚಾ ಬಿಸ್ಕೆಟ್ ಅಂದರೆ ಅದು ಸರಿಯಲ್ಲ. ಅನುದಾನದ ಅರ್ಜಿಯಲ್ಲಿ ಮೊದಲ ಸಾಲಲ್ಲೇ ಇವರ ಕೂಲಿ ಬರೆಯಿರಿ.

ಇನ್ನೊಬ್ಬರು: ಹಳೇ ಕಾವಿ ಗೋಡೆ ನಮ್ಮ ಊರಿನ ದೇವಸ್ಥಾನದಲ್ಲಿದೆ. ಜೀರ್ಣೋದ್ಧಾರದ ಮಾತು ನಡೆದಿದೆ. ಏನು ಮಾಡಬೇಕು?

ಮೊದಲು ಚೆನ್ನಾಗಿ ಫೋಟೋ ತೆಗೆದಿಡಿ, ಅಳತೆಯ ಸಮೇತ. ಆಮೇಲೆ ಸಮಿತಿಯವರ ಹತ್ತಿರ ಕೂತು ಮಾತಾಡಿ. ಜಗಳಕ್ಕೆ ಹೋಗಬೇಡಿ, ಅವರೂ ದೇವಸ್ಥಾನ ಚೆನ್ನಾಗಿರಲಿ ಅಂತಲೇ ಹೊರಟವರು. ಸಿಮೆಂಟು ಹಾಕಿದರೆ ಗೋಡೆಗೆ ಏನಾಗುತ್ತದೆ ಅಂತ ಹೇಳಿ. ಆಯಿಲ್ ಪೇಂಟು ಬೇಡವೇ ಬೇಡ ಅನ್ನಿ. ಮಾಡಿನ ನೀರು ಗೋಡೆಗೆ ಬೀಳದ ಹಾಗೆ ನೋಡಿಕೊಂಡರೆ ಅರ್ಧ ಕೆಲಸ ಆಯಿತು. ಪಕ್ಕದ ಖಾಲಿ ಗೋಡೆಯಲ್ಲಿ ಹೊಸ ಕಾವಿ ಬರೆಸಲು ಒಪ್ಪಿದರೆ ಇನ್ನೂ ಒಳ್ಳೆಯದು. ಊರಿನ ನಾಲ್ಕು ಹುಡುಗರು, ಹುಡುಗಿಯರು ಆ ಕೆಲಸದಲ್ಲಿ ಕಲಿಯಲಿ. ಮುಂದಿನ ರಿಪೇರಿಗೆ ಕರೆಯಲು ಊರಲ್ಲೇ ಜನ ಇರುತ್ತಾರೆ.

ಕೊನೆಯ ಪ್ರಶ್ನೆ ಅಂಕೋಲಾದ ಕೇಣಿಯಿಂದ ಬಂದ ಒಬ್ಬ ತಮ್ಮನದ್ದು: ನಮ್ಮ ಕಡೆ ಬಂದರು ಬರುತ್ತದೆ ಅಂತಾರೆ, ನಾವು ಬೇಡ ಅಂತ ಕೂತಿದ್ದೇವೆ. ನಮ್ಮೂರಿನದೂ ಹಂಚು ಬರೆಯುತ್ತೀರಾ?

ತಮ್ಮಾ, ಹೋದ ಊರುಗಳನ್ನು ಬರೆದು ಬರೆದು ನನಗೆ ಸಾಕಾಗಿದೆ. ಇರುವ ಊರನ್ನು ಬರೆಯುವುದಕ್ಕೆ ನೀನು ಕರೆದರೆ ಖುಷಿಯಿಂದ ಬರುತ್ತೇನೆ. ಬಂದರು ಬೇಡ ಅನ್ನುವ ಹೊನ್ನಾವರದ ಟೊಂಕದವರಿಗೂ ಇದನ್ನೇ ಹೇಳಬೇಕು ಅಂತಿದ್ದೆ. ಆದರೆ ನನಗೆ ಕಾಯಬೇಡ. ನಾಳೆಯೇ ಒಬ್ಬ ಅಜ್ಜನನ್ನು ಕರೆದುಕೊಂಡು ದಡದ ಉದ್ದಕ್ಕೂ ನಡಿ. ರಂಪಣಿ ಅನ್ನುವ ದೊಡ್ಡ ಬಲೆ ಎಲ್ಲಿ ಎಳೆಯುತ್ತಿದ್ದರು, ಬಲೆ ಎಲ್ಲಿ ಒಣಗಿಸುತ್ತಾರೆ, ಮೀನು ಎಲ್ಲಿ ಒಣಗಿಸುತ್ತಾರೆ, ನೀರಲ್ಲಿರುವ ಯಾವ ಬಂಡೆಗೆ ಏನು ಹೆಸರು, ಎಲ್ಲ ಕೇಳಿ ಬರಿ. ಯಾರು ಹೇಳಿದರು ಅಂತಲೂ ಬರಿ. ಮಾರನೇ ದಿನ ಅಜ್ಜಿಯ ಜೊತೆ ಅದೇ ದಾರಿಯಲ್ಲಿ ನಡಿ, ಅವರು ಬೇರೆಯೇ ಹೇಳುತ್ತಾರೆ. ಎರಡನ್ನೂ ಇಟ್ಟುಕೋ. ಊರಿನ ತುದಿಯ ಮನೆಗಳನ್ನು ಬಿಡಬೇಡ, ಅಲ್ಲಿಯವರು ನೀರು ಎಲ್ಲಿಂದ ತರುತ್ತಿದ್ದರು ಅಂತ ಕೇಳು. ಈ ಪಟ್ಟಿ ಬಂದರಿನ ಬಗ್ಗೆ ನಡೆಯುವ ಅಹವಾಲು ಸಭೆಯಲ್ಲೂ ನಿನಗೆ ಕೆಲಸಕ್ಕೆ ಬರುತ್ತದೆ. ಯಾಕಂದರೆ ಕಾಗದದಲ್ಲಿ ಖಾಲಿ ಜಾಗ ಅಂತ ತೋರಿಸಿದ ಕಡೆ ಯಾರು ಏನು ಮಾಡುತ್ತಿದ್ದಾರೆ ಅಂತ ಅದರಲ್ಲಿ ಇರುತ್ತದೆ. ಹಂಚು, ಸುಣ್ಣ ಆಮೇಲೆ ನೋಡೋಣ.